ಇವರಲ್ಲಿ ಯಾರು

ಪೆರ್ಲ ಪೇಟೆಯಲ್ಲಿ, ಮೊಬೈಲು ಅಂಗಡಿಯ ಮೇಲೆ ನನ್ನ ಲ್ಯಾಬು.
ಒಂದು ಕುರ್ಚಿ, ಒಂದು ಸೂಕ್ಷ್ಮದರ್ಶಕ,
ಮೂರು ಲಿಪಿಯಲ್ಲಿ ಒಂದೇ ಬೋರ್ಡು:
ಬರಿಹೊಟ್ಟೆಯಲ್ಲಿ ಬನ್ನಿ.

ಜಲಜಾಕ್ಷಿ ಅತ್ತಿಗೆ ಬಂದದ್ದು ಹತ್ತೂವರೆಗೆ.
ಮೊದಲ ಬಸ್ಸಿಗೇ ಬಾ ಎಂದಿದ್ದೆ.
"ಮೊದಲ ಬಸ್ಸಿಗೆ ನನ್ನ ಕೈ ಎದ್ದಿರುವುದಿಲ್ಲ ಮಾರಾಯ್ತಿ."
ಅವಳು ಏಳುವುದು ಐದಕ್ಕೆ, ಬೆರಳುಗಳು ಎಂಟಕ್ಕೆ.
ನಡುವಿನ ಮೂರು ಗಂಟೆ
ಬಿಸಿನೀರ ಚೆಂಬನ್ನು ಎರಡು ಮಣಿಕಟ್ಟಿನ ನಡುವೆ ಒತ್ತಿಕೊಂಡು
ಬಚ್ಚಲ ಕಟ್ಟೆಯ ಮೇಲೆ ಕೂತಿರುತ್ತಾಳಂತೆ,
ಯಾರದೋ ಕೂಸನ್ನು ಹಿಡಿದುಕೊಂಡ ಹಾಗೆ.

ದಿನಕ್ಕೆ ನಲವತ್ತು ಕಟ್ಟು ಬೀಡಿ, ಅದು ಮೊದಲು.
ಎಲೆ ಕತ್ತರಿಸಿ, ಹುಡಿ ಹಾಕಿ, ಸುರುಟಿ, ನೂಲು ಬಿಗಿದು
ಬಾಯಿ ಮಡಚುವ ಆ ಕೊನೆಯ ಚಿಟಿಕೆ.
ಈಗ ಹನ್ನೆರಡು.
ಅದರಲ್ಲೂ ಮೂರನ್ನು ಬ್ರಾಂಚಿನವ ವಾಪಸು ಕೊಡುತ್ತಾನೆ:
ಸಡಿಲ.

ತೋಳಿಗೆ ರಬ್ಬರು ಕಟ್ಟಿ ರಕ್ತನಾಳ ಹುಡುಕುತ್ತ
ಮುಷ್ಟಿ ಬಿಗಿಹಿಡಿ, ಎಂದೆ ಅಭ್ಯಾಸಬಲದಿಂದ.
ಅವಳು ನನ್ನನ್ನೇ ನೋಡಿದಳು.
ಇಬ್ಬರಿಗೂ ನಗು ಬಂತು.

ಗಾಜಿನ ಮೇಲೊಂದು ಹನಿ. ಎಳೆದು, ಒಣಗಿಸಿ, ಬಣ್ಣ ಹಾಕಿ ಕಣ್ಣಿಟ್ಟರೆ
ಕೆಂಪು ಕಣಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಕಣ,
ನೇರಳೆ ಹಣ್ಣಿನಷ್ಟು ದುಂಡಗೆ, ಸಾಧು ಮುಖ.
ಎಣಿಸಬಲ್ಲೆ: ನೂರಕ್ಕೆ ಮೂವತ್ತೊಂದು.
ಇವರಲ್ಲಿ ಯಾರು, ಎಂದರೆ
ಹೇಳಲಾರೆ.

ಡಿಪ್ಲೊಮಾದಲ್ಲಿ ಓದಿದ್ದೆ. ಎದೆಮೂಳೆಯ ಹಿಂದೆ ಒಂದು ಗ್ರಂಥಿ,
ಎಳೆಯ ಕಾವಲು ಕಣಗಳಿಗೆ ಅಲ್ಲಿ ಪಾಠ:
ಮನೆಯವರ ಮೈಮುಟ್ಟಬೇಡ.
ಕಲಿಯದವರನ್ನು ಅಲ್ಲೇ ಮುಗಿಸುತ್ತಾರೆ,
ನೂರರಲ್ಲಿ ಐದು ಹೊರಗೆ ಬಂದರೆ ಹೆಚ್ಚು.
ಆದರೂ ಯಾವನೋ ಒಬ್ಬ ಹಿಂದಿನ ಬೆಂಚಿನವ
ಹಾಜರಿ ಕೂಗುವ ಗಡಿಬಿಡಿಯಲ್ಲಿ ಬಾಗಿಲು ದಾಟುತ್ತಾನೆ.
ವರ್ಷಗಟ್ಟಲೆ ಸುಮ್ಮನೆ ಅಡ್ಡಾಡಿಕೊಂಡಿರುತ್ತಾನೆ.

ಒಂದು ದಿನ ಬೆರಳ ಗೆಣ್ಣಿನ ಒಳಪೊರೆಯಲ್ಲಿ
ಮುಖ ತುಸು ಬದಲಾದ ಒಂದು ಪ್ರೋಟೀನು
(ಹೊಗೆಸೊಪ್ಪಿನ ಹುಡಿಯಿಂದಲೋ, ಹುಟ್ಟಿನಿಂದಲೋ, ಬಲ್ಲವರಿಲ್ಲ)
ಎದುರು ಸಿಗುತ್ತದೆ.
ನೀನು ಯಾರು, ಎನ್ನುತ್ತಾನೆ.

ಆಮೇಲೆ ಅವನೊಬ್ಬನೇ ಅಲ್ಲ.
ಕೂಗಿಗೆ ಓಗೊಟ್ಟು ಪ್ರತಿಕಾಯಗಳು ಅಚ್ಚಾಗುತ್ತವೆ,
ಭಕ್ಷಕ ಕಣಗಳು ಕೊಳ್ಳಿ ಹಿಡಿದು ಬರುತ್ತವೆ,
ಈರುಳ್ಳಿ ಸಿಪ್ಪೆಯಷ್ಟು ತೆಳುವಿದ್ದ ಪೊರೆ ಊದಿ, ಹಬ್ಬಿ,
ಮೆಲ್ಲೆಲುಬನ್ನು ತಿಂದು ಮೂಳೆಗೂ ಬಾಯಿ ಹಾಕುತ್ತದೆ.
ಇವರ ಪೈಕಿಯವರೇ ಅಲ್ಲವೇ
ಅವಳು ಬಾಣಂತಿಯಾಗಿದ್ದಾಗ ಟೈಫಾಯ್ಡನ್ನು ಓಡಿಸಿದವರು.

ಹತ್ತಿ ಒತ್ತಿಕೊಂಡು ಕೂತವಳು ಹೇಳಿದಳು:
"ಮೊನ್ನೆ ರೇಷನ್ ಅಂಗಡಿಯ ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ.
ಮೂರು ಸಲ ಒರೆಸಿ ಒರೆಸಿ ಇಟ್ಟೆ.
ಕಾರ್ಡು ನೋಡಿದರೆ ಮಲಯಾಳದಲ್ಲಿ ಜಲಜ ಅಂತ ಉಂಟು,
ಅಕ್ಷಿ ಎಲ್ಲಿ ಬಿತ್ತೋ.
ಮೂವತ್ತು ವರ್ಷ ನನಗೆ ಅಕ್ಕಿ ಅಳೆದವನು
ಯಂತ್ರದ ಮುಖ ನೋಡ್ತಾನೆ."

ರಿಪೋರ್ಟು ಹಿಡಿದು ಕಾಸರಗೋಡಿಗೆ ಹೋದೆವು.
ಡಾಕ್ಟರು ಹೇಳಿದ್ದನ್ನು ವಾಕ್ಯ ವಾಕ್ಯವಾಗಿ ಕನ್ನಡಕ್ಕೆ ತರುವುದು ನನ್ನ ಕೆಲಸ.
ಪೊರೆ, ಉರಿಯೂತ, ಎಂದೆಲ್ಲ ತಡವರಿಸುತ್ತಿದ್ದೆ.
ಅವರು "ಸ್ವಂತಂ ಶರೀರಂ" ಎಂದಾಗ
ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ತಲೆಯಾಡಿಸಿದಳು.

ಮಾತ್ರೆ ವಾರಕ್ಕೊಮ್ಮೆ, ಶನಿವಾರ. ದಿನಾ ನುಂಗಿದರೆ ಅಪಾಯ.
ಇವರಲ್ಲಿ ಯಾರು ಎಂದು ಅದಕ್ಕೂ ತಿಳಿಯದು,
ಎಲ್ಲರನ್ನೂ ತುಸು ಮಂಕು ಮಾಡುತ್ತದೆ.
ಸಣ್ಣ ಜ್ವರ ಬಂದರೂ ಫೋನು ಮಾಡು, ಎಂದೆ.

ಹೆಸರು ತಿದ್ದುವ ಅರ್ಜಿಯನ್ನೂ ನಾನೇ ತುಂಬಿದೆ.
ಅವಳು ಅದನ್ನು ಮಡಚಿ ಪರ್ಸಿನಲ್ಲಿಟ್ಟಳು.
ಇಲ್ಲೇ ಸಹಿ ಹಾಕು, ಎಂದರೆ
"ಇವತ್ತು ಬಸ್ಸಿನ ಕಂಬಿ ಹಿಡಿದು ಸೋತಿದೆ,
ನಾಳೆ ಬಿಸಿಲೇರಿದ ಮೇಲೆ ಹಾಕ್ತೇನೆ.
ನಾಲ್ಕೂ ಅಕ್ಷರ ಬರಬೇಕಲ್ಲ."